ಅವ್ವನ ಅಂಗೈ ಮೇಲಿನ ರೂಪಾಯಿ

ದೀಪಾವಳಿಯ ಪೂಜೆಗೆ ಇಡುವ ರಾಣಿ ಛಾಪಿನ ಬೆಳ್ಳಿ ರೂಪಾಯಿಯನ್ನು ಅವ್ವ ಅಂಗೈಯಲ್ಲಿ ಹಿಡಿದಿದ್ದಾಗ ಫೋಟೊ ತೆಗೆದು, ಎಲ್ಲರಿಗೂ ಕಾಣುವಂತೆ ಫೋನಿನಲ್ಲಿ ಹಾಕಿದ್ದೆ. ಹಬ್ಬ ಕಳೆದ ಮೇಲೆ, ಹಳೆಯ ನಾಣ್ಯಗಳನ್ನು ಹರಾಜು ಹಾಕುವ ಜಾಲತಾಣವೊಂದರಲ್ಲಿ ಅದೇ ಫೋಟೊ ಕಣ್ಣಿಗೆ ಬಿತ್ತು. ರೊಟ್ಟಿ ಹಂಚು ತಾಗಿ ಹೆಬ್ಬೆರಳ ಬುಡದಲ್ಲಿ ಉಳಿದ ಕಲೆ, ಹಸಿರು ಬಳೆ, ಎಲ್ಲ ಅವ್ವನದೇ. ಮಾರುವವನು ಯಾರೋ. ರೂಪಾಯಿ ಮಾತ್ರ ಸೊಲ್ಲಾಪುರದ ನಮ್ಮ ಮನೆಯಲ್ಲಿ, ದೇವರ ಜಗಲಿಯ ಮೇಲೇ ಇತ್ತು.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆಯ ಮೇಲೆ ಒಗ್ಗರಣೆ ಸೀಯುತ್ತಿದ್ದರೂ ಫೋನ್ ನೋಡುತ್ತಿದ್ದೆ. ಮಾರುವವನಿಗೆ ಬರೆದರೆ ಉತ್ತರವಿಲ್ಲ. ಕೊನೆಗೆ ಫೋಟೊದ ಕೆಳಗೇ, ಇದು ನಮ್ಮ ತಾಯಿಯ ಕೈ, ನಾಣ್ಯ ನಮ್ಮಲ್ಲೇ ಇದೆ, ಕೊಂಡವರಿದ್ದರೆ ಫೋನ್ ಮಾಡಿ ಎಂದು ಮರಾಠಿಯಲ್ಲಿ ಬರೆದು ನಂಬರು ಕೊಟ್ಟೆ. ಅಕ್ಕಲಕೋಟೆಯಿಂದ ನಿವೃತ್ತ ಬಸ್ ಕಂಡಕ್ಟರೊಬ್ಬರು ಫೋನ್ ಮಾಡಿದರು.

“ನನ್ನ ಹಂತೇಕ ಇರೂದು ಅಸಲಿ. ನಿಮ್ಮದ ಖೋಟಾ ಇರಬೇಕು. ಬಂದು ನೋಡ್ರಿ!”

ಅವ್ವನನ್ನು ಕರೆದುಕೊಂಡು, ರೂಪಾಯಿಯನ್ನು ಪರ್ಸಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. “ಸುಮ್ಮ ಇರೂದು ಬಿಟ್ಟು ಯಾಕ ಬೇಕಾಗಿತ್ತ ಇದು?” ಎಂದು ಅವ್ವ ದಾರಿಯುದ್ದಕ್ಕೂ ಗೊಣಗಿದಳು.

ಕಂಡಕ್ಟರ ಮನೆ ತಲುಪಿದೆವು. ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆಂದು ಅವರು ತಮ್ಮ ರೂಪಾಯಿಯನ್ನು ಕೊಂಡಿದ್ದರು. ಅದನ್ನೂ ನಮ್ಮದನ್ನೂ ಟೀಪಾಯಿಯ ಮೇಲೆ ಇಟ್ಟರು. “ನೋಡ್ರಿ, ನಂದ ಹೆಚ್ಚ ಹೊಳೀತದ” ಎಂದರು. ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು. ಅವರ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಗಣಪತಿ ಬೊಂಬೆಯ ಹಿಂದೆ ಅಯಸ್ಕಾಂತವಿತ್ತು. ಅದನ್ನು ಕೇಳಿ ತೆಗೆದುಕೊಂಡು ಎರಡೂ ರೂಪಾಯಿಗಳ ಹತ್ತಿರ ಹಿಡಿದೆ. ಬೆಳ್ಳಿಗೆ ಅದು ಅಂಟುವುದಿಲ್ಲ. ನಮ್ಮ ರೂಪಾಯಿ ಅಲುಗಾಡಲಿಲ್ಲ. ಅವರದು ಟಪ್ಪನೆ ಹಾರಿ ಅಂಟಿಕೊಂಡಿತು. ಅವರು ಬಿಡಿಸಿ, ತಾವೇ ಇನ್ನೊಮ್ಮೆ ಹಿಡಿದು ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿದರು.

“ಈ ಕೈ ನೋಡೇ ತಗೊಂಡೆನ್ರಿ ಅಕ್ಕಾರ. ದುಡದ ಕೈ ಅದ, ಇಂಥವರು ಮೋಸ ಮಾಡೂದಿಲ್ಲ ಅನಕೊಂಡೆ.”

ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ನಾ ಏನೂ ಮಾರಿಲ್ರಿ ಅಣ್ಣಾರ.”

“ಗೊತ್ತದರಿ. ಚಾ ಕುಡೀರಿ” ಎಂದರು. ಆದರೆ ನಮ್ಮತ್ತ ನೋಡಲಿಲ್ಲ.

ಅವರೂ ನಾನೂ ಜಾಲತಾಣಕ್ಕೆ ದೂರು ಕೊಟ್ಟೆವು. ಜಾಲತಾಣದವರು ಫೋಟೊ ತೆಗೆದುಹಾಕಿದರು. ಕೆಲವೇ ದಿನಗಳಲ್ಲಿ ಬೇರೊಂದು ಹೆಸರಿನಡಿ ಅದು ಮತ್ತೆ ಬಂತು. ಮೊದಲು ನೋಡಿ ಫೋನ್ ಮಾಡಿದವರು ಆ ಕಂಡಕ್ಟರೇ. ಮತ್ತೆ ದೂರು ಕೊಟ್ಟೆವು. ಈಗಲೂ ಅದು ನಿಂತಿಲ್ಲ. ನಾನು ಫೋನ್ ಕೈಗೆತ್ತಿಕೊಂಡರೆ ಸಾಕು, ಅವ್ವ ಕೇಳುತ್ತಾಳೆ:

“ಇವತ್ತೆಲ್ಲಿ ಮಾರಾಕತ್ತಾರ ನನ್ನ ಕೈ?”