ಊರ ಹೊಟ್ಟೆ ಎಣಿಸಿದ ಫಕೀರವ್ವ

ನಮ್ಮತ್ತೆ ಫಕೀರವ್ವನಿಗೆ ಊರ ಹೆಂಗಸರ ಮುಖ ನೆನಪಿರುತ್ತಿರಲಿಲ್ಲ, ಹೊಟ್ಟೆ ನೆನಪಿರುತ್ತಿತ್ತು. ಮುಂಡರಗಿಯ ಸಂತೆಯಲ್ಲಿ ಯಾರಾದರೂ ಎದುರಿಗೆ ಬಂದು ‘ಆರಾಮ ಅದೀರೇನ್ರಿ ಯಕ್ಕಾ?’ ಅಂದರೆ ಅವರ ಕಣ್ಣು ಮೊದಲು ಕೆಳಗಿಳಿದು, ಆಮೇಲೆ ಸಾವಕಾಶವಾಗಿ ಮುಖಕ್ಕೆ ಬರುತ್ತಿತ್ತು. ‘ಓ, ನೀನೇನು? ಎರಡು ಮುಗದು ಮೂರರಾಗ ಬಿದ್ದಿ. ಭಾರ ಎತ್ತಬ್ಯಾಡ’ ಎಂದು ಹೇಳಿ ಬದನೆಕಾಯಿ ಆರಿಸಲು ಕುಳಿತುಬಿಡುವರು. ಎಷ್ಟೋ ಸಲ ಆ ಹೆಂಗಸು ಇನ್ನೂ ಗಂಡನಿಗೂ ಹೇಳಿರುತ್ತಿರಲಿಲ್ಲ. ಬದನೆಕಾಯಿ ಮಾರುವವಳಿಗೆ ಮೊದಲು ಗೊತ್ತಾಗುತ್ತಿತ್ತು.

ಅವರು ಸೂಲಗಿತ್ತಿ. ಊರಿನ ಅರ್ಧ ಜನ ಅವರ ಕೈಯಲ್ಲೇ ಈ ಲೋಕಕ್ಕೆ ಬಂದವರು. ಹಾಗಾಗಿ ಅವರಿಗೆ ಯಾರ ದೊಡ್ಡಸ್ತಿಕೆಯೂ ದೊಡ್ಡದಾಗಿ ಕಾಣುತ್ತಿರಲಿಲ್ಲ. ಮೀಸೆ ತಿರುವುತ್ತ ಬಂದ ಗೌಡರಿಗೂ ‘ನೀ ಕಾಲ ಮುಂದ ಮಾಡಿ ಬಂದಾಂವ, ನಿನ್ನ ಅವಸರ ನನಗ ಗೊತ್ತಿಲ್ಲೇನು?’ ಅನ್ನುತ್ತಿದ್ದರು. ಗೌಡರು ಮೀಸೆ ಬಿಟ್ಟು ಕೈ ಕಟ್ಟಿಕೊಳ್ಳುತ್ತಿದ್ದರು.

ಅಡುಗೆಮನೆಯ ಗೋಡೆಯೇ ಅವರ ಪಂಚಾಂಗ. ಒಬ್ಬ ಬಸುರಿಗೆ ಇದ್ದಿಲಿನ ಒಂದು ಉದ್ದ ಗೆರೆ, ತಿಂಗಳಿಗೊಂದು ಅಡ್ಡಗೆರೆ. ಓಣಿಯ ಪ್ರಕಾರ ಸಾಲು. ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿತ್ತು, ನಾನು ಹರ್ತಿಯಿಂದ ಸೊಸೆಯಾಗಿ ಬಂದೆ. ಬಂದ ಹದಿನೈದು ದಿನದಲ್ಲೇ ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಹುಮ್ಮಸ್ಸಿಗೆ ಬಿದ್ದು, ಗೋಡೆ ಮಸಿ ಹಿಡಿದಿದೆ ಎಂದು ಸೆಗಣಿ ಕೆಮ್ಮಣ್ಣು ಕಲಸಿ ಚೆಂದಾಗಿ ಸಾರಿಸಿದೆ. ಅತ್ತೆ ಒಳಗೆ ಬಂದವರು ಬಾಗಿಲಲ್ಲೇ ಕುಸಿದು ಕುಳಿತರು.

‘ಅಯ್ಯ ನಮ್ಮವ್ವಾ! ಹಿಂದಿನ ಓಣಿ ಪೂರಾ ಅಳಿಸಿಬಿಟ್ಟೆಲ್ಲಬೇ!’

ಅಂದು ಸಂಜೆಯವರೆಗೆ ನಾವಿಬ್ಬರೂ ಮನೆಮನೆಗೆ ಹೋಗಿ ಹೊಟ್ಟೆ ನೋಡಿಬಂದೆವು. ಇದ್ದಿಲು ನನ್ನ ಕೈಗೇ ಕೊಟ್ಟರು. ‘ಅಳಿಸಿದಾಕೀನ ಬರೀಬೇಕು’ ಅಂದರು. ನಾನು ಅವರ ವಿದ್ಯೆಗೆ ಬಿದ್ದದ್ದು ಹೀಗೆ, ಬೈಸಿಕೊಂಡು.

ಅವರ ವಿದ್ಯೆಯಲ್ಲಿ ಒಂದು ಬೇರು ಇತ್ತು. ಹೆತ್ತ ಮೇಲೆ ರಕ್ತ ನಿಲ್ಲದಿದ್ದರೆ ಅದನ್ನು ಮಜ್ಜಿಗೆಯಲ್ಲಿ ತೇಯ್ದು ಕುಡಿಸುತ್ತಿದ್ದರು. ಅದು ಕಪ್ಪತಗುಡ್ಡದ ಒಂದು ಮೂಲೆಯಲ್ಲಿ ಮಾತ್ರ ಬೆಳೆಯುತ್ತಿತ್ತಂತೆ. ಹೆಸರು ಬಾಯಿ ಬಿಟ್ಟು ಹೇಳಿದರೆ ಗುಣ ಹೋಗುತ್ತದೆಂದು ಅದನ್ನು ‘ಆಕಿ’ ಅನ್ನುತ್ತಿದ್ದರು. ‘ಆಕಿ ಮುಗಿಯಾಕ ಬಂದಾಳ, ಕರಕೊಂಡು ಬರಬೇಕು’ ಎಂದು ವರ್ಷಕ್ಕೊಮ್ಮೆ ಗುಡ್ಡಕ್ಕೆ ಒಬ್ಬರೇ ಹೋಗಿಬರುವರು. ಅವರ ಅತ್ತೆ ತೋರಿಸಿಕೊಟ್ಟ ಜಾಗ ಅದು. ಅವರು ಇನ್ನೂ ಯಾರಿಗೂ ತೋರಿಸಿರಲಿಲ್ಲ.

ಮರುವರ್ಷ ಹೋಳಿಹುಣ್ಣಿಮೆಯ ಹೊತ್ತಿಗೆ ಕಪ್ಪತಗುಡ್ಡಕ್ಕೆ ಬೆಂಕಿ ಬಿತ್ತು. ನಾಲ್ಕು ದಿನ ಹೊಗೆ. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯ ಮೇಲೆಲ್ಲ ಬೂದಿ ಬಂದು ಕೂತು ಊರ ಹೆಂಗಸರೆಲ್ಲ ಬೆಂಕಿಯನ್ನು ಬೈದರು. ಅತ್ತೆ ಬೈಯಲಿಲ್ಲ. ಗಡಿಗೆಯನ್ನು ಇಳಿಸಿ, ಬೇರಿನ ತುಂಡುಗಳನ್ನು ಸೆರಗಿನಲ್ಲಿ ಹಾಕಿಕೊಂಡು ಎಣಿಸಿದರು. ಏಳು ಇದ್ದವು.

‘ಆಕಿ ಉಳದಾಳೋ ಇಲ್ಲೋ’ ಅಂದರು. ಆ ದಿನ ಊಟ ಮಾಡಲಿಲ್ಲ.

ಮುಂಗಾರು ಬಿದ್ದ ಮೇಲೆ ಹೋಗಿ ನೋಡಬೇಕೆಂದು ಯೋಚನೆ ಹಾಕತೊಡಗಿದರು. ಗುಡ್ಡ ಹತ್ತಲು ಅವರ ಮೊಣಕಾಲು ಒಪ್ಪುತ್ತಿರಲಿಲ್ಲ. ಸುಟ್ಟ ಗುಡ್ಡದಲ್ಲಿ ಕಲ್ಲು ಸಡಿಲಾಗಿ ಉರುಳುತ್ತಿದ್ದವು, ಹಳೆಯ ಕಾಲುದಾರಿಯೂ ಅಳಿಸಿಹೋಗಿತ್ತು. ಆದರೆ ಶಿಂಗಟಾಲೂರಿನ ಆಸುಪಾಸು ಗುಡ್ಡದ ಬಾಲ ಹೊಳೆಯ ತನಕ ಇಳಿದಿದೆಯಲ್ಲ, ಆ ಜಾಗ ಅಲ್ಲೇ ಇತ್ತು. ಹಮ್ಮಿಗಿಯಲ್ಲಿ ಹರಗೋಲು ಹತ್ತಿ ತುಂಗಭದ್ರೆಯ ಗುಂಟ ಕೆಳಗೆ ಹೋದರೆ ದಂಡೆಯಿಂದ ಕೂಗಳತೆ ದೂರ. ‘ಹೋಗಾಕೊಂದು ದಿನ, ಹುಡುಕಾಕೊಂದು ದಿನ, ಬರಾಕೊಂದು ದಿನ. ಹರ್ತಿಯಾಕಿನ್ನ ಕರಕೊಂಡು ಹೋಗ್ತೀನಿ. ನನ್ನ ಮೊಣಕಾಲಿನ ಮ್ಯಾಲೆ ನನಗ ಭರೋಸಾ ಇಲ್ಲ’ ಎಂದು ಮಗನಿಗೆ ಹೇಳಿದರು. ನಮ್ಮ ಮನೆಯವರು ಹತ್ತಿ ಕಾರಖಾನೆಯಲ್ಲಿ ಕಾರಕೂನರು, ಅವ್ವನ ಮಾತಿಗೆ ‘ಆತು’ ಅನ್ನುವುದನ್ನು ಬಿಟ್ಟು ಬೇರೆ ಉತ್ತರ ಕಲಿತವರಲ್ಲ.

ಮೂರು ದಿನ! ಸೂಲಗಿತ್ತಿಗೆ ಮೂರು ದಿನ ಎಲ್ಲಿಂದ ಬರಬೇಕು? ಅತ್ತೆ ಗೋಡೆಯ ಮುಂದೆ ನಿಂತು, ಯಾರೂ ಹೆರದ ಮೂರು ದಿನ ಹುಡುಕುವರು. ಬೆರಳು ಮಡಿಚುವರು, ಬಿಚ್ಚುವರು, ಗೆರೆಗಳನ್ನು ಗದರಿಸುವರು. ಕೊನೆಗೆ ದಸರೆಯ ಮರುವಾರ ಗೊತ್ತಾಯಿತು. ಕಟಕ ರೊಟ್ಟಿ ಬಡಿದೆವು, ಶೇಂಗಾ ಚಟ್ನಿ ಕುಟ್ಟಿದೆವು. ಗಾಡಿ ಹೂಡಿ ಊರ ಅಗಸಿಬಾಗಿಲು ದಾಟುವಷ್ಟರಲ್ಲಿ ಬಡಿಗೇರ ಓಣಿಯಿಂದ ಒಬ್ಬ ಓಡಿ ಬಂದ.

‘ಯಕ್ಕಾ, ನೋವು ಚಾಲೂ ಆಗ್ಯಾವ್ರಿ!’

‘ಇನ್ನೂ ಹನ್ನೊಂದು ದಿನ ಐತೆಲ್ಲೋ!’

‘ಅದು ನನಗೇನ್ ಗೊತ್ತ್ರಿ, ಹೊಟ್ಟಿಯೊಳಗ ಇದ್ದಾಂವಗ ಹೇಳ್ರಿ!’

ಗಾಡಿ ತಿರುಗಿತು. ಏಳು ತುಂಡು ಆರಾದವು. ದೀಪಾವಳಿಯ ನಂತರ ಮತ್ತೊಮ್ಮೆ ಹೊರಟೆವು. ಈ ಸಲ ಅತ್ತೆ ಮುಂಜಾಗ್ರತೆ ವಹಿಸಿ, ದಿನ ತುಂಬಿದ ಮನೆಗಳಿಗೆಲ್ಲ ಹೋಗಿ ‘ಸೋಮವಾರದ ಮಟ ಗಟ್ಟಿ ಇರ್ರಿ’ ಎಂದು ತಾಕೀತು ಮಾಡಿ ಬಂದಿದ್ದರು. ಅದೇನು ಮಾಡಿತೋ, ಮೂವರು ಭಾನುವಾರವೇ ಹೆತ್ತರು. ‘ಇವರ ಹೊಟ್ಟಿಗೆ ಮಾತು ಹೇಳಬಾರದಾಗಿತ್ತು’ ಎಂದು ಅತ್ತೆ ಹಣೆ ಬಡಿದುಕೊಂಡರು. ಕಟಕ ರೊಟ್ಟಿಯನ್ನು ಎರಡನೆಯ ಸಲವೂ ಮನೆಯಲ್ಲೇ ಕುಳಿತು ತಿಂದೆವು. ನಾಲ್ಕು ತುಂಡು ಖರ್ಚಾಗಿ ಗಡಿಗೆಯಲ್ಲಿ ಈಗ ಎರಡೇ ಉಳಿದಿದ್ದವು. ಅವರ ಮಾತಿನ ಜೋರು ಹಾಗೆಯೇ ಇತ್ತು, ಆದರೆ ಎದೆಯೊಳಗೆ ಹೆದರಿಕೆ ಹೊಕ್ಕಿದೆಯೆಂದು ನನಗೆ ತಿಳಿಯುತ್ತಿತ್ತು.

ಈ ನಡುವೆ ನನ್ನ ಕಡೆಯಿಂದ ಒಂದು ಕಳ್ಳತನ ನಡೆಯಿತು. ನಾನು ಬಸುರಿಯಾದೆ. ಹೇಳಿದರೆ ಪ್ರವಾಸ ಮುಗಿದ ಹಾಗೆಯೇ. ಬಸುರಿ ಹೊಳೆ ದಾಟಬಾರದು ಎಂಬುದು ನಮ್ಮಲ್ಲಿ ಕಲ್ಲಿನ ಮೇಲೆ ಕೊರೆದ ಮಾತು. ಹೆತ್ತು, ಬಾಣಂತನ ಮುಗಿಸಿ, ಕೂಸನ್ನು ಬಿಟ್ಟು ಹೋಗಲು ಎರಡು ವರ್ಷ. ಎರಡು ತುಂಡು ಎರಡು ವರ್ಷ ಬರುತ್ತಿದ್ದವೇ? ಇದು ನಾನು ನನಗೆ ಹೇಳಿಕೊಂಡ ಕಾರಣ. ನಿಜವಾದ ಕಾರಣ, ನನಗೆ ಹರಗೋಲಿನಲ್ಲಿ ಕುಳಿತುಕೊಳ್ಳಬೇಕಾಗಿತ್ತು. ಹೊಟ್ಟೆ ಕಾಣದ ಹಾಗೆ ನಿರಿಗೆ ಬಿಟ್ಟುಕೊಂಡು, ವಾಂತಿ ಬಂದಾಗ ಹಿತ್ತಲಿಗೆ ಓಡಿಹೋಗಿ, ಸಂತೆಯಲ್ಲಿ ನಿಂತು ಊರ ಹೊಟ್ಟೆ ಓದುವ ಹೆಂಗಸಿನ ಮನೆಯಲ್ಲೇ ಮೂರು ತಿಂಗಳು ಸಾಗಿಸಿದೆ. ನನ್ನ ಜಾಣತನಕ್ಕೆ ನಾನೇ ಬೆರಗಾಗಿದ್ದೆ.

ಎಳ್ಳಮವಾಸ್ಯೆಗೆ ಮುಂಚೆ ಕೊನೆಗೂ ಗೋಡೆ ಮೂರು ದಿನ ಬಿಟ್ಟುಕೊಟ್ಟಿತು. ಹಮ್ಮಿಗಿಯಲ್ಲಿ ಅಂಬಿಗರ ಹುಲಗಪ್ಪ ಹರಗೋಲು ಸಿದ್ಧ ಮಾಡಿಕೊಂಡು ನಿಂತಿದ್ದ. ಬಿದಿರಿನ ದೊಡ್ಡ ಬುಟ್ಟಿಗೆ ಚರ್ಮ ಹೊದಿಸಿದ್ದು, ಅಷ್ಟೇ. ಅತ್ತೆ ಗಾಡಿಯಿಂದ ರೊಟ್ಟಿಗಂಟು, ಕೊಡ, ಒಲೆಗೆ ಮೂರು ಕಲ್ಲು, ಎರಡು ಕೌದಿ, ಹೆರಿಗೆಯ ಗಂಟು ಇಳಿಸಿದರು.

‘ಯವ್ವಾ, ಇದು ಹರಗೋಲರಿ. ಬೀಗರ ಗಾಡಿ ಅಲ್ಲ. ಕಲ್ಲು ಅಲ್ಲೂ ಸಿಗತಾವು.’

‘ಅಲ್ಲಿ ಕಲ್ಲು ಸುಟ್ಟಾವಲೇ. ಒಮ್ಮಿ ಸುಟ್ಟ ಕಲ್ಲಿಗೆ ಮತ್ತ ಬೆಂಕಿ ತೋರಸಬಾರದು.’

‘ಹೆರಿಗಿ ಗಂಟು ಯಾಕ್ರಿ?’

‘ನಿನಗ ನೋವು ಬಂದ್ರ?’

ಹುಲಗಪ್ಪ ಆ ಗಂಟನ್ನೂ ಹರಗೋಲಿಗೆ ಹಾಕಿದ. ನನ್ನನ್ನು ಕೌದಿಯ ಮೇಲೆ ನಟ್ಟನಡುವೆ ಕೂರಿಸಿದರು. ಕೊಡ ಎತ್ತಲು ಹೋದರೆ ‘ನೀ ಹರ್ತಿಯಾಕಿ, ನೀರು ಕಂಡಾಕಿ ಅಲ್ಲ, ಸುಮ್ಮನ ಕುಂಡ್ರು’ ಎಂದು ಗದರಿದರು.

ಹೊರಟ ಕೂಡಲೇ ಜಗಳ. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಆಚೆ ದಂಡೆಯ ಹತ್ತಿರ ನೀರು ಆಳವಾಗಿ, ನಿಧಾನವಾಗಿ ಹರಿಯುತ್ತಿತ್ತು. ಈಚೆ ದಂಡೆಗುಂಟ ಬರೀ ಬಂಡೆ. ಹುಲಗಪ್ಪ ಆಚೆಗೆ ಹುಟ್ಟು ಹಾಕಿದ. ಅತ್ತೆ ಅವನ ತೋಳು ಹಿಡಿದರು.

‘ಆಚಿ ದಂಡಿ ಮದ್ರಾಸದೋರದು. ನಾವು ಮುಂಬೈದೋರು. ಕಾಗದ ಕೇಳ್ತಾರ.’

‘ಯಾರ ಕೇಳ್ತಾರ್ರಿ ಯವ್ವಾ? ನನ್ನ ಎಮ್ಮಿ ದಿನಾ ಮದ್ರಾಸಕ್ಕ ಹೋಗಿ ಮೇಯ್ದು ಬರತೈತಿ. ಮಗಳನ್ನೂ ಅಲ್ಲೇ ಕೊಟ್ಟೀನಿ.’

‘ನಿನ್ನ ಎಮ್ಮಿಗೆ ಮರ್ಯಾದಿ ಇಲ್ಲ, ನನಗೈತಿ. ಈಚಿ ದಂಡಿಗುಂಟ ನಡಿ.’

ಯಾರಿಗೂ ಹೆದರದ ನಮ್ಮತ್ತೆ ಮದ್ರಾಸಿನ ಪೊಲೀಸರಿಗೆ ಹೆದರುತ್ತಾರೆಂದು ನನಗೆ ಒಳಗೊಳಗೇ ನಗು. ಆ ನಗುವಿಗೆ ಶಿಕ್ಷೆಯೂ ಆಯಿತು. ಬಂಡೆಯಿಂದ ಬಂಡೆಗೆ ಬಡಿಯುತ್ತ ಹರಗೋಲು ಬುಗುರಿಯ ಹಾಗೆ ತಿರುಗಿತು. ನಾನು ಎರಡು ಸಲ ಹೊಳೆಗೆ ಬಗ್ಗಿ ವಾಂತಿ ಮಾಡಿದೆ. ‘ತಿರುಗಿದ್ದಕ್ಕ ಹಂಗಾಗತೈತಿ’ ಎಂದು ಅತ್ತೆ ಬೆನ್ನು ಸವರಿ, ಬಾಯಿಗೆ ಒಣಶುಂಠಿ ಬೆಲ್ಲ ಇಟ್ಟರು.

ಗುಡ್ಡದ ಬಾಲಕ್ಕೆ ಮುಟ್ಟಿದಾಗ ಬಿಸಿಲು ಏರಿತ್ತು. ಕರಿ ಬೊಡ್ಡೆಗಳು, ಕೈಗೆ ಮಸಿ ಹತ್ತುವ ಕೊಂಬೆಗಳು. ಆದರೆ ಪ್ರತಿ ಬೊಡ್ಡೆಯ ಬುಡದಲ್ಲೂ ಕೆಂಪು ಚಿಗುರು, ಕಲ್ಲಿನ ಸಂದಿಯಲ್ಲೆಲ್ಲ ಮೊಣಕಾಲೆತ್ತರದ ಹುಲ್ಲು. ಅತ್ತೆ ಸುತ್ತ ನೋಡಿ, ‘ಗುಡ್ಡ ಬಾಣಂತಿ ಆಗೈತಿ ನೋಡು. ಮೈಯಾಗ ಶಕ್ತಿ ಇಲ್ಲ, ಆದ್ರ ಎದಿ ತುಂಬ ಹಾಲು’ ಅಂದರು. ನನ್ನ ಹೆಗಲು ಹಿಡಿದು ನಡೆದು ಒಂದು ಒಡೆದ ಬಂಡೆಯ ಹಿಂದೆ ನಿಂತರು.

ಅಲ್ಲಿ ಏನೂ ಇರಲಿಲ್ಲ. ಬೂದಿ ಗಟ್ಟಿಯಾಗಿ ಕಪ್ಪು ಮಣ್ಣಾಗಿತ್ತು. ಅತ್ತೆ ಕುಳಿತರು. ಬೆರಳಿನಿಂದ ಕೆದರಿದರು, ಇನ್ನೊಂದು ಕಡೆ ಕೆದರಿದರು. ಆಮೇಲೆ ಕೈ ಬಿಟ್ಟರು. ‘ಹೋದಳು’ ಅಂದರು. ಸಾವಿರ ಹೆರಿಗೆ ಮಾಡಿಸಿದ ಆ ಹೆಂಗಸು ಕೂಸಿನ ಹಾಗೆ ಅತ್ತದ್ದನ್ನು ನಾನು ಅಂದು ಕಂಡೆ. ನಾನೂ ಪಕ್ಕದಲ್ಲಿ ಕುಳಿತು ಅತ್ತುಬಿಟ್ಟೆ. ನಮ್ಮಿಬ್ಬರನ್ನೂ ನೋಡಲಾರದೆ ಹುಲಗಪ್ಪ ಬಂಡೆಯ ಆಚೆಗೆ ಹೋದ. ಹೋದವನು ಅಲ್ಲಿಂದಲೇ ಕೂಗಿದ.

‘ಯವ್ವಾ, ಈ ಎಲಿ ನನಗ ಪರಿಚಯದ್ದಲ್ಲರಿ. ನಿಮ್ಮಾಕೀನ ಏನು, ಬಂದು ನೋಡ್ರಿ!’

ಮಳೆಯ ನೀರು ಬೀಜವನ್ನು ಬಂಡೆಯ ಕೆಳಗಿನ ಇಳಿಜಾರಿಗೆ ಒಯ್ದಿತ್ತು. ಎರಡೆರಡು ಎಲೆಯ ಮರಿಗಳು, ಗೇಣುದ್ದವೂ ಇಲ್ಲ. ಅತ್ತೆ ಕಣ್ಣೊರೆಸಿಕೊಂಡು ಬೆರಳು ಚಾಚಿ ಎಣಿಸಿದರು, ಊರ ಹೊಟ್ಟೆ ಎಣಿಸುವ ಹಾಗೆಯೇ. ಹುಲಗಪ್ಪನನ್ನು ದೂರ ಕಳಿಸಿ ನನ್ನ ಕಿವಿಯಲ್ಲಿ ಹೆಸರು ಹೇಳಿದರು. ಎಲೆ ಮುಟ್ಟಿಸಿದರು, ಮೂಸಿಸಿದರು. ‘ಎರಡು ವರ್ಷ ಯಾರೂ ಮುಟ್ಟಬಾರದು. ಆಮ್ಯಾಲೂ ಹತ್ತು ಇದ್ರ ಒಂದು ತಗೀಬೇಕು. ಲಗ್ನದ ಸೀರಿ ಮರತರೂ ಇದನ್ನ ಮರೀಬ್ಯಾಡ.’ ಒಂದನ್ನೂ ಕೀಳದೆ ಹೊಳೆಗೆ ಇಳಿದೆವು.

ತಿಂಗಳು ಬಿಟ್ಟು ನನ್ನ ಹೊಟ್ಟೆ ನಿರಿಗೆಯ ಮಾತು ಕೇಳದಾದಾಗ ಬಾಯಿ ಬಿಟ್ಟೆ. ‘ಹೌದೇನ!’ ಎಂದು ಅತ್ತೆ ಗಲ್ಲಕ್ಕೆ ಕೈ ಹಚ್ಚಿ ನಿಂತರು. ಊರಿಗೆ ಊರೇ ನಕ್ಕಿತು. ‘ಸಂತಿ ಹೊಟ್ಟಿ ಎಣಸಾಕಿಗೆ ಮನಿ ಹೊಟ್ಟಿ ಕಾಣಲಿಲ್ಲಂತ’ ಎಂದು ಬದನೆಕಾಯಿಯವಳು ಸಂತೆಗೆಲ್ಲ ಡಂಗುರ ಹೊಡೆದಳು. ಹರ್ತಿಯಿಂದ ಬಂದ ನಮ್ಮವ್ವ ‘ಬಸರೀನ ಹೊಳಿಗೆ ಒಯ್ದೀರಿ, ಎಂಥಾ ಸೂಲಗಿತ್ತಿ ನೀವು?’ ಎಂದು ಜಗಳಕ್ಕೇ ನಿಂತಳು. ಎಲ್ಲರಿಗೂ ತಿರುಗಿ ಬೈಯುವ ಅತ್ತೆ ತಲೆ ತಗ್ಗಿಸಿ, ‘ವಯಸ್ಸಾತು, ಕಣ್ಣು ಹೋದವು’ ಎಂದರು. ಕೆಲವರು ಹೆರಿಗೆಗೆ ಬೇರೆಯವರನ್ನು ಕರೆಯತೊಡಗಿದರು. ನನಗೆ ನಾಚಿಕೆಯಾಯಿತು, ಆದರೂ ಸುಮ್ಮನಿದ್ದೆ. ಮಗಳು ಹುಟ್ಟಿದಾಗ ನನಗೆ ರಕ್ತ ನಿಲ್ಲಲಿಲ್ಲ. ಗಡಿಗೆಯ ಕೊನೆಯ ತುಂಡನ್ನು ತೇಯ್ದು ಕುಡಿಸಿದರು. ಅದನ್ನು ಅವರು ಮೊದಲೇ ಗಡಿಗೆಯಿಂದ ತೆಗೆದು ಸೊಂಟದ ಚೀಲದಲ್ಲಿ ಬೇರೆಯಾಗಿ ಕಟ್ಟಿಟ್ಟಿದ್ದರು.

ಮುಂದೆ ಆಚೆ ದಂಡೆ ಮೈಸೂರಿಗೆ ಸೇರಿತು, ಆಮೇಲೆ ನಾವೂ ಸೇರಿದೆವು, ನಿಜಾಮರ ಕಡೆಯವರೂ ಸೇರಿದರು. ಕನ್ನಡದವರೆಲ್ಲ ಒಂದಾದೆವೆಂದು ಊರಲ್ಲಿ ಮೆರವಣಿಗೆ ಹೊರಟ ದಿನ ಅತ್ತೆ ಕಟ್ಟೆಯ ಮೇಲೆ ಕುಳಿತು, ‘ಛಲೋ ಆತು. ಇನ್ನ ಆಚಿ ದಂಡಿ ಹೊಟ್ಟಿನೂ ಎಣಸಬೇಕೇನು? ಗೋಡಿ ಸಾಲೂದಿಲ್ಲ’ ಅಂದರು.

ಅದಾದ ಎರಡನೆಯ ವರ್ಷ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ಇನ್ನು ತಡೆಯಲಾರದೆ ಹೇಳಿದೆ. ‘ಅತ್ತೀ, ನಾ ನಿಮಗೊಂದು ಮೋಸ ಮಾಡೀನ್ರಿ. ಹೊಳಿಗೆ ಹೋದಾಗ ನನಗ...’

‘ಮೂರು ತಿಂಗಳು, ಹತ್ತು ದಿನ’ ಅಂದರು, ಕಣ್ಣು ಮುಚ್ಚಿಕೊಂಡೇ.

ನಾನು ಬಟ್ಟಲು ಕೆಳಗಿಟ್ಟೆ.

‘ಗೊತ್ತಿತ್ತ್ರಿ? ಬಸರಿ ಹೊಳಿ ದಾಟಬಾರದು ಅಂತೀರಿ ಮತ್ತ...’

‘ದಾಟಿದೇವೇನು? ಈಚಿ ದಂಡಿಗುಂಟ ಹೋದಿವಿ, ಈಚಿ ದಂಡಿಗೆ ಇಳದಿವಿ.’ ಬೊಚ್ಚುಬಾಯಿ ಅಗಲವಾಯಿತು. ‘ಮದ್ರಾಸದೋರು ಕಾಗದ ಕೇಳ್ತಾರ ಅಂತ ನಾ ಅಂದೆನೆಲ್ಲ, ಆ ಹುಲಗ್ಯಾ ಇನ್ನೂ ನಂಬ್ಯಾನ. ನೀನೂ ನಂಬಿದಿ.’

‘ಮತ್ತ ಊರ ಮಂದಿ ಅಷ್ಟು ನಗುಮುಂದ ಹೇಳಬೇಕಿಲ್ಲೇನ್ರಿ?’

‘ನನಗ ಗೊತ್ತಿತ್ತು ಅಂದಿದ್ರ, ನಿನಗೂ ಗೊತ್ತಿತ್ತು ಅಂತ ಆಗ್ತಿತ್ತು. ಗೊತ್ತಿದ್ದೂ ಹ್ವಾದಳು ಅಂತ ಹೊಸಾ ಸೊಸಿಗೆ ಬೈತಿದ್ರು. ನಾ ಮುದುಕಿ. ನಗಲಿ ಬಿಡು.’ ಗಂಜಿ ಸಾಕೆಂದು ಕೈ ಮಾಡಿದರು. ‘ನಿನ್ನ ಬಾಣಂತನ ಮುಗಿಯೂ ಮಟ ಕಾಯ್ದಿದ್ರ ನನ್ನ ಮೊಣಕಾಲು ಪೂರಾ ಹೋಗತಿದ್ವು, ಆ ಜಾಗಾ ನನ್ನ ಕೂಡ ಹೋಗತಿತ್ತು.’

ಮೂರನೆಯ ದಿನ ಹೋದರು. ತಮ್ಮ ಹೆಸರನ್ನೇ ಕಳೆದುಕೊಂಡು ನನ್ನ ಹೆಸರು ಉಳಿಸಿದ ಆ ಹೆಂಗಸಿಗೆ ನಾನು ಸರಿಯಾಗಿ ಒಂದು ಮಾತೂ ಹೇಳಲಿಲ್ಲ. ಅಡುಗೆಮನೆಗೆ ಹೋಗಿ ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಹಣೆಯ ತುಂಬ ಇದ್ದಿಲಾಯಿತು.

ಈಗ ಆ ಗೋಡೆ ನನ್ನದು. ವರ್ಷಕ್ಕೊಮ್ಮೆ ಮೂರು ದಿನ ಬಿಡುವು ಹುಡುಕಿ ಹಮ್ಮಿಗಿಗೆ ಹೋಗುತ್ತೇನೆ. ಹುಲಗಪ್ಪ ಮುದುಕನಾಗಿದ್ದಾನೆ, ಆಳ ನೀರಿನ ಕಡೆ ಆಸೆಯಿಂದ ನೋಡುತ್ತಾನೆ. ‘ಈಚಿ ದಂಡಿಗುಂಟ ನಡಿಯಪ್ಪಾ’ ಅನ್ನುತ್ತೇನೆ.

‘ಎಲ್ಲಾ ಒಂದಾಗಿ ಇಷ್ಟು ವರ್ಷ ಆತಲ್ಲರಿ ಯವ್ವಾ. ಇನ್ನೂ ಕಾಗದ ಕೇಳ್ತಾರೇನು?’

‘ಕೇಳ್ತಾರ’ ಅನ್ನುತ್ತೇನೆ. ಅವನು ಬೈಯುತ್ತ ಬಂಡೆಗಳ ಕಡೆ ಹುಟ್ಟು ಹಾಕುತ್ತಾನೆ.