ಮೇಲಿನ ಮನೆಯ ಸಿಸ್ಟರ್ ಕೇಳುತ್ತಿದ್ದ ಪ್ರಶ್ನೆಗಳು

ಅವರ ಮುಖಕ್ಕೆ ಎರಡು ಬಣ್ಣ. ಹಣೆ, ಕಣ್ಣಿನ ಸುತ್ತ, ಮೂಗಿನ ಮೇಲ್ಭಾಗ ಕಪ್ಪಾಗಿ ಸುಕ್ಕುಗಟ್ಟಿ ಅರವತ್ತರ ಹತ್ತಿರದ ಹೆಂಗಸಿನದಾಗಿತ್ತು. ಅದರ ಕೆಳಗಿನ ಕೆನ್ನೆ, ತುಟಿ, ಗದ್ದ ಮಾತ್ರ ಬೆಳ್ಳಗೆ ನುಣುಪಾಗಿ, ಯಾರೋ ಬೇರೆಯವರದ್ದನ್ನು ತಂದು ಜೋಡಿಸಿದ ಹಾಗಿದ್ದವು. ಆಪರೇಷನ್ ಥಿಯೇಟರಿನಲ್ಲಿ ಮೂವತ್ತು ವರ್ಷ ಕಟ್ಟಿದ ಮಾಸ್ಕನ್ನು ಅವರು ಬಸ್‌ಸ್ಟಾಪಿನ ಬಿಸಿಲಿನಲ್ಲೂ ತೆಗೆಯುತ್ತಿರಲಿಲ್ಲ. ಲಿಫ್ಟಿನಲ್ಲಿ ಮೊದಲ ಸಲ ಮಾಸ್ಕಿಲ್ಲದೆ ಅವರನ್ನು ಕಂಡಾಗ ನನ್ನ ಅವಳಿ ಮಕ್ಕಳಿಬ್ಬರೂ ನನ್ನ ಹಿಂದೆ ಅವಿತುಕೊಂಡರು. ಅವರು ನಕ್ಕರು. ಕೆಳಗಿನ ಅರ್ಧ ಮಾತ್ರ ನಕ್ಕಿತು.

ಗಲ್ಫಿನ ರಿಫಾ ಪಟ್ಟಣದ ನಮ್ಮ ಕಟ್ಟಡದಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಉಡುಪಿ ಕಡೆಯವರು, ಮದುವೆಯಾಗಿರಲಿಲ್ಲ, ನಮ್ಮ ಮನೆಯ ನೇರ ಮೇಲೆ ಒಬ್ಬರೇ ಇದ್ದರು. ಥಿಯೇಟರಿನ ಕೆಲಸ ಬಿಟ್ಟು ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವ ಕೆಲಸಕ್ಕೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಒಂದಕ್ಕೆ ಬಂದುಬಿಡುತ್ತಿದ್ದರು. ಲೈಟಿನ ಸ್ವಿಚ್ಚನ್ನು ಮೊಣಕೈಯಿಂದ ಒತ್ತುವರು. ಚಹಾ ಕುಡಿಯುವ ಮುಂಚೆಯೂ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದುಕೊಂಡು ಬಂದು ಕೂರುವರು.

ಪಕ್ಕದ ಅಸ್ಕರ್ ಊರಿನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ನನ್ನ ಗಂಡ ಎಂಜಿನಿಯರ್. ಅವರು ಡ್ಯೂಟಿಗೆ ಹೋಗಿ, ಮಕ್ಕಳು ಶಾಲೆಯಲ್ಲಿರುವ ಹೊತ್ತು ಮನೆಯಲ್ಲಿ ಎಸಿಯ ಗುಂಯ್‌ಗುಡುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಮಧ್ಯಾಹ್ನ ಬಾತ್‌ರೂಮಿನಲ್ಲಿ ಬಟ್ಟೆ ನೆನೆಹಾಕುತ್ತಿದ್ದೆ. ಗಾಳಿಕಿಂಡಿಯಿಂದ ಸಿಸ್ಟರ್ ದನಿ ಇಳಿದು ಬಂತು.

"ಮಕ್ಕಳೆಷ್ಟು ನಿಂಗೆ?"

ಆಮೇಲೆ ಮೌನ. ಯಾರಾದರೂ ಉತ್ತರ ಹೇಳಲು ಬೇಕಾಗುವಷ್ಟು ಹೊತ್ತಿನ ಮೌನ.

"ಇನ್ನು ಬೇಕು ಅಂತ ಉಂಟಾ?" ಮತ್ತೆ ಅಷ್ಟೇ ಮೌನ. "ಮಾತ್ರೆ ಎಂತಾದ್ರೂ ತೆಗೊಳ್ತೀಯಾ? ವಿಮಾನದಲ್ಲಿ ಬಂದದ್ದು ಯಾವಾಗ? ಕಾಲು ನೋಯ್ತದಾ?"

ಫೋನಿನಲ್ಲಿ ಮಾತಾಡುತ್ತಿರಬೇಕು ಅಂದುಕೊಂಡೆ. ಮರುದಿನ ಅದೇ ಹೊತ್ತಿಗೆ ಅವೇ ಪ್ರಶ್ನೆಗಳು, ಅದೇ ಕ್ರಮದಲ್ಲಿ. ಅದರ ಮರುದಿನವೂ. ಕೊನೆಯ ಪ್ರಶ್ನೆಯ ನಂತರದ ಮೌನ ಎಲ್ಲಕ್ಕಿಂತ ಉದ್ದ. ಆಮೇಲೆ ನಲ್ಲಿ ಬಿಟ್ಟು ಕೈ ತೊಳೆಯುವ ಸದ್ದು. ಗಂಡನಿಗೆ ಹೇಳಿದರೆ, "ಒಬ್ಬರೇ ಇರುವವರು, ಏನೋ ಮಾತಾಡಿಕೊಳ್ತಾರೆ ಬಿಡು," ಅಂದರು. ಒಬ್ಬರೇ ಇರುವವರು ತಮ್ಮ ಮಾತಿಗೆ ಉತ್ತರ ಬರಲೆಂದು ಇಷ್ಟು ಹೊತ್ತು ಕಾಯುವುದಿಲ್ಲ ಎಂದು ನನಗನ್ನಿಸಿತು.

ನನ್ನ ಹೊಟ್ಟೆಯ ವಿಷಯ ಈಗ ಹೇಳಬೇಕು. ಅವಳಿ ಹೆತ್ತ ಮೇಲೆ ಅದು ಮೊದಲಿನ ಆಕಾರಕ್ಕೆ ಬರಲೇ ಇಲ್ಲ. ನಡುವಿನ ಸ್ನಾಯು ಎರಡು ಪಕ್ಕಕ್ಕೆ ಸರಿದು ಮಧ್ಯೆ ನಾಲ್ಕು ಬೆರಳು ಇಳಿಯುತ್ತಿತ್ತು. ಜೋತುಬಿದ್ದ ಚರ್ಮದ ಮಡಿಕೆಯಲ್ಲಿ ಬೇಸಿಗೆಯುದ್ದಕ್ಕೂ ಬೆವರು ನಿಂತು ಹುಣ್ಣು. ಸೊಂಟ ಸದಾ ನೋವು. ವ್ಯಾಯಾಮ ಎರಡು ವರ್ಷ ಮಾಡಿದೆ. ಮಕ್ಕಳಿಗೆ ಐದು ತುಂಬಿದ ವಾರ ಕೆಳಗಿನ, ಕೋಲ್ಡ್ ಸ್ಟೋರ್ ಎಂದು ಕರೆಯುವ ದಿನಸಿ ಅಂಗಡಿಯವನು ಪಾಪ, ಗೌರವದಿಂದಲೇ ಸ್ಟೂಲು ಸರಿಸಿ, "ಎಷ್ಟನೇ ತಿಂಗಳು ಮೇಡಂ?" ಎಂದು ಹಿಂದಿಯಲ್ಲಿ ಕೇಳಿದ. ಆವತ್ತೇ ಹೊಟ್ಟೆ ಸರಿಪಡಿಸುವ ಆಪರೇಷನ್ನಿಗೆ ಡಾಕ್ಟರನ್ನು ಕಂಡೆ. ದಿನ ಗೊತ್ತಾಯಿತು. ಗಂಡನ ಹೊರತು ಯಾರಿಗೂ ಹೇಳಲಿಲ್ಲ, ಅಮ್ಮನಿಗೂ ಇಲ್ಲ.

ಅದಾಗಿ ಒಂದು ವಾರಕ್ಕೆ, ಮಧ್ಯಾಹ್ನ ಬಾತ್‌ರೂಮಿನಲ್ಲಿದ್ದಾಗ ಮೇಲಿನಿಂದ ಅದೇ ದನಿ ಬಂತು. "ಮಕ್ಕಳೆಷ್ಟು ನಿಂಗೆ?"

ಯಾವ ಯೋಚನೆಯಲ್ಲಿದ್ದೆನೋ, "ಎರಡು" ಎಂದುಬಿಟ್ಟೆ.

ಮೇಲೆ ಏನೋ ಬಿದ್ದ ಸದ್ದಾಯಿತು. ಮುಂದಿನ ಪ್ರಶ್ನೆ ಬರಲಿಲ್ಲ. ನಲ್ಲಿಯೂ ತಿರುಗಲಿಲ್ಲ.

ಮರುದಿನ ಬೆಲ್ಲಾಯಿತು. ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. ಹಲೋ ಇಲ್ಲ, ಏನಿಲ್ಲ. "ಆಪರೇಷನ್ ಯಾವಾಗ?" ಎಂದರು.

"ಯಾವ ಆಪರೇಷನ್ ಸಿಸ್ಟರ್?"

"ಹೊಟ್ಟೇದು."

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ಒಳಗೆ ಬಂದು, ಕೈ ತೊಳೆದು ಕೂತರು. "ಹೆದರ್ಬೇಡ ಮಾರಾಯ್ತಿ. ಇಷ್ಟು ದಿನ ಮೆಟ್ಲು ಇಳಿವಾಗ ಹೊಟ್ಟೆಯನ್ನು ಶಾಲಲ್ಲಿ ಮುಚ್ಕೊಳ್ತಿದ್ದಿ. ಒಂದು ವಾರದಿಂದ ಮುಚ್ಕೊಳ್ಳುದಿಲ್ಲ. ದಿನ ಗೊತ್ತಾದವರು ಹಾಗೇ ಮಾಡುದು."

ಮತ್ತೆ ಪ್ರಶ್ನೆಗಳು ಶುರುವಾದವು. ಈ ಸಲ ನನ್ನ ಕಣ್ಣನ್ನೇ ನೋಡಿಕೊಂಡು. ಇನ್ನು ಮಕ್ಕಳು ಬೇಡ ಎಂದೆ. "ಬೇಕಿದ್ರೆ ಈಗ ಮಾಡಿಸ್ಲಿಕ್ಕಿಲ್ಲ, ಹೊಲಿದದ್ದು ಪುನಃ ಸಡಿಲ ಆಗ್ತದೆ." ತೂಕ ಒಂದು ವರ್ಷದಿಂದ ಒಂದೇ ಸಮ ಇದೆ ಎಂದೆ. "ಅದು ಒಳ್ಳೇದು. ಸಪೂರ ಆಗ್ಲಿಕ್ಕೆ ಮಾಡುವ ಆಪರೇಷನ್ ಅಲ್ಲ ಇದು." ಸಿಗರೇಟು, ಶೀಶಾ ಹುಕ್ಕಾ ಎರಡೂ ಇಲ್ಲ ಎಂದೆ.

"ಮಾತ್ರೆ?"

"ಯಾವುದೂ ಇಲ್ಲ."

"ಮಕ್ಕಳಾಗದ ಹಾಗೆ ತೆಗೊಳ್ಳುದು?"

ತೆಗೆದುಕೊಳ್ಳುತ್ತಿದ್ದೆ. ಆಸ್ಪತ್ರೆಯ ಫಾರ್ಮಿನಲ್ಲಿ ಬರೆದಿರಲಿಲ್ಲ. "ಅದೇನು ಔಷಧಿ ಅಲ್ಲವಲ್ಲ ಸಿಸ್ಟರ್," ಎಂದೆ.

"ಮತ್ತೆಂತ, ಪೆಪ್ಪರಮಿಂಟಾ? ಅದ್ರಿಂದ ರಕ್ತ ಹೆಪ್ಪುಗಟ್ಲಿಕ್ಕುಂಟು. ಫಾರ್ಮಿಗೆ ಸುಳ್ಳು ಹೇಳ್ಬಹುದು, ರಕ್ತಕ್ಕೆ ಹೇಳ್ಲಿಕ್ಕಾಗ್ತದಾ?" ಎಂದರು. ವಿಮಾನದ ಮಾತೂ ಬಂತು; ಗಂಟೆಗಟ್ಟಲೆ ಕೂತಲ್ಲೇ ಕೂತರೂ ರಕ್ತ ಹೆಪ್ಪುಗಟ್ಟುತ್ತದಂತೆ. ಆಪರೇಷನ್ ಆದ ಹತ್ತನೇ ದಿನ ಮೈಸೂರಿಗೆ, ಅಣ್ಣನ ಗೃಹಪ್ರವೇಶಕ್ಕೆ ಹೊರಡುವವಳಿದ್ದೆ. ಅದನ್ನು ಕೇಳಿ ಅವರು ಎದ್ದುಹೋಗಿ ಇನ್ನೊಮ್ಮೆ ಕೈ ತೊಳೆದು ಬಂದರು.

ಆಮೇಲೆ ನಿಧಾನವಾಗಿ, ಪಾಠ ಹೇಳುವಂತೆ, ಏನೇನಾಗುತ್ತದೆ ಎಂದು ಹೇಳಿದರು. "ಈ ಸೊಂಟದ ಮೂಳೆಯಿಂದ ಆ ಮೂಳೆಯವರೆಗೆ ಕೊಯ್ತಾರೆ. ಕಲೆ ಜೀವಮಾನ ಇರ್ತದೆ. ಚರ್ಮ ಎಬ್ಬಿಸಿ ಸ್ನಾಯು ನಡುವಿಗೆ ತಂದು ಹೊಲೀತಾರೆ. ಹೊಕ್ಕುಳು ಇದ್ದಲ್ಲೇ ಇರ್ತದೆ, ಚರ್ಮ ಕೆಳಗೆಳೆದು ಅದಕ್ಕೆ ಹೊಸ ಬಾಗಿಲು ತೆಗೀತಾರೆ. ನೀರು ಹೋಗ್ಲಿಕ್ಕೆ ಎರಡು ಪಕ್ಕ ನಳಿಗೆ ಇಡ್ತಾರೆ. ಒಂದೆರಡು ವಾರ ಬೆನ್ನು ನೆಟ್ಟಗೆ ಮಾಡ್ಲಿಕ್ಕಾಗುದಿಲ್ಲ, ಬಗ್ಗಿಕೊಂಡೇ ನಡೀಬೇಕು. ಆದ್ರೆ ನಡೀಲೇಬೇಕು. ಮಕ್ಕಳನ್ನು ಎತ್ಲಿಕ್ಕಿಲ್ಲ. ಹೊಕ್ಕುಳ ಕೆಳಗೆ ತಿಂಗಳುಗಟ್ಟಲೆ ಮುಟ್ಟಿದ್ದು ಗೊತ್ತಾಗುದಿಲ್ಲ. ಬಿಸಿನೀರಿನ ಚೀಲ ಇಟ್ಟು ಸುಟ್ಕೊಂಡವಳನ್ನು ನೋಡಿದ್ದೇನೆ. ವಾಸನೆ ಬಂದ ಮೇಲೆ ಅವಳಿಗೆ ಗೊತ್ತಾದದ್ದು, ಸುಡ್ತಿರುದು ತನ್ನ ಚರ್ಮ ಅಂತ."

ಮರುದಿನವೇ ಡಾಕ್ಟರಿಗೆ ಮಾತ್ರೆಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಈಗ ಹೇಳಿದ್ದು ಒಳ್ಳೆಯದಾಯಿತೆಂದು, ಮಾತ್ರೆ ನಿಲ್ಲಿಸಲು ಹೇಳಿ ಆಪರೇಷನ್ ಮುಂದಕ್ಕೆ ಹಾಕಿದರು. ಆಪರೇಷನ್ನಿಗೆ ಮುಂಚೆಯೂ ಆಮೇಲೂ ವಿಮಾನ ಬೇಡವೆಂದರು; ಮೈಸೂರಿನ ಟಿಕೆಟ್ ರದ್ದಾಯಿತು. ಅಣ್ಣ ಎರಡು ತಿಂಗಳು ಮಾತು ಬಿಟ್ಟ.

ಆಪರೇಷನ್ ಸುಸೂತ್ರವಾಗಿಯೇ ಆಯಿತು. ಮನೆಗೆ ಬಂದ ಮೇಲೆ ಸಿಸ್ಟರ್ ದಿನವೂ ನಾಲ್ಕು ಗಂಟೆಗೆ ಇಳಿದು ಬರುತ್ತಿದ್ದರು. ನಳಿಗೆಯ ನೀರು ನೋಡುವರು, ನನ್ನನ್ನು ಎಬ್ಬಿಸಿ ಹಾಲ್‌ನ ಉದ್ದಕ್ಕೂ ನಡೆಸುವರು. ಕೊನೆಗೆ ದರ್ಜಿಯ ಟೇಪು ತೆಗೆದು ನನ್ನ ಎರಡೂ ಮೀನಖಂಡಗಳನ್ನು ಅಳೆಯುವರು. ಏಕೆಂದು ಕೇಳಿದರೆ ಹೇಳುತ್ತಿರಲಿಲ್ಲ. ನಾನು ಬಗ್ಗಿ ನಡೆಯುವಾಗ ಪಕ್ಕದಲ್ಲಿ ಅವರೂ ಅಷ್ಟೇ ಬಗ್ಗಿರುತ್ತಿದ್ದರು. ಕನ್ನಡಿಯಲ್ಲಿ ಅದನ್ನು ನೋಡಲು ನನಗೆ ಒಂದು ಥರಾ ಭಯವಾಗುತ್ತಿತ್ತು.

ಆರನೇ ದಿನ ಎಡಗಾಲು ಭಾರ ಅನ್ನಿಸಿತು. ಮಲಗಿದ್ದು ಸರಿಯಾಗಿಲ್ಲ ಅಂದುಕೊಂಡು ಸುಮ್ಮನಿದ್ದೆ. ಸಿಸ್ಟರ್ ಬಂದು ಟೇಪು ಸುತ್ತಿದರು. ಬಿಚ್ಚಿ ಇನ್ನೊಮ್ಮೆ ಸುತ್ತಿದರು; ಎಡ ಮೀನಖಂಡ ಬಲದ್ದಕ್ಕಿಂತ ದಪ್ಪಗಾಗಿತ್ತು. ಆಮೇಲೆ ನನ್ನನ್ನು ನನ್ನದಲ್ಲದ ಒಂದು ಹೆಸರಿನಿಂದ ಕರೆದು, "ಏಳ್ಬೇಡ. ಕೂತಲ್ಲೇ ಕೂತಿರು," ಎಂದರು.

"ಸಿಸ್ಟರ್, ನಾನು…"

"ಏಳ್ಬೇಡ ಅಂದೆ."

ಆಂಬುಲೆನ್ಸಿನಲ್ಲಿ ನನ್ನ ಕೈ ಬಿಡಲಿಲ್ಲ. ಮಾಸ್ಕಿನ ಮೇಲಿನ ಆ ಕಣ್ಣುಗಳು ನನ್ನನ್ನು ನೋಡುತ್ತಿವೆಯೋ ನನ್ನ ಹಿಂದಿರುವ ಯಾರನ್ನೋ ನೋಡುತ್ತಿವೆಯೋ ತಿಳಿಯಲಿಲ್ಲ. "ಮಕ್ಕಳೆಷ್ಟು ನಿಂಗೆ?" "ಎರಡು ಸಿಸ್ಟರ್." "ಉಸಿರು ಸರಿ ಉಂಟಾ?" "ಇದೆ." "ಉತ್ತರ ಕೊಡ್ತಾ ಇರು. ನಿಲ್ಲಿಸ್ಬೇಡ." ಪ್ರತಿ ಉತ್ತರಕ್ಕೂ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಮತ್ತೆ ಮೊದಲಿನಿಂದ ಕೇಳುತ್ತಿದ್ದರು.

ಸ್ಕ್ಯಾನಿನಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿತು. ಶ್ವಾಸಕೋಶಕ್ಕೆ ಏರಿರಲಿಲ್ಲ. ಎಲ್ಲ ಜಾಗ್ರತೆ ಮಾಡಿದರೂ ಕೆಲವರಿಗೆ ಹೀಗಾಗುತ್ತದೆ, ಬೇಗ ಬಂದಿರಿ ಎಂದರು ಡಾಕ್ಟರು. ಇಂಜೆಕ್ಷನ್ ಶುರುವಾದ ಮೇಲೆ, ಗಂಡ ಬರುವುದನ್ನು ಕಾಯುತ್ತ ಕೂತಿದ್ದಾಗ, ಸಿಸ್ಟರ್ ಮಾಸ್ಕು ತೆಗೆದರು.

"ಇಲ್ಲಿಗೆ ಬರುವ ಮುಂಚೆ, ಬೇರೆ ದೇಶದಲ್ಲಿ," ಎಂದರು. ಯಾವ ದೇಶ ಎಂದು ಹೇಳಲಿಲ್ಲ. "ನಮ್ಮೂರ ಕಡೆಯ ಹುಡುಗಿ. ಇದೇ ಆಪರೇಷನ್. ಫಾರ್ಮ್ ತುಂಬಿಸುದು ನನ್ನ ಕೆಲಸ. ಆ ದಿನ ಥಿಯೇಟರಿಗೆ ಒಯ್ಯುವ ತಳ್ಳುಗಾಡಿ ಆಗಲೇ ಬಂದಿತ್ತು. ಗಟ್ಟಿಮುಟ್ಟಿನ ಹುಡುಗಿ, ಎಂತ ಕೇಳುದು ಅಂತ ನಾನೇ ಎಲ್ಲದಕ್ಕೂ 'ಇಲ್ಲ' ಅಂತ ಬರ್ದೆ. ಐದನೇ ದಿನ ಮನೆಗೆ ಹೋಗ್ಲಿಕ್ಕೆ ತಲೆ ಬಾಚ್ತಾ ಇದ್ದಳು. ಎದ್ದು ನಿಂತು 'ಸಿಸ್ಟರ್, ಉಸಿರು' ಅಂದಳು. ಅಷ್ಟೇ. ಅವಳ ಬ್ಯಾಗಲ್ಲಿ ಅದೇ ಮಾತ್ರೆಯ ಶೀಟು ಇತ್ತು. ಹಿಂದಿನ ವಾರದ ವಿಮಾನದ ಚೀಟಿ ಇತ್ತು. ಯಾರೂ ನನ್ನ ಹತ್ರ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

"ನೀವು ಕೇಳಿದ್ದರೂ ಅವಳು ಹೇಳುತ್ತಿದ್ದಳೋ ಇಲ್ಲವೋ," ಎಂದೆ.

"ಅದೇ ನಂಗೆ ಗೊತ್ತಿಲ್ಲದ್ದು," ಎಂದರು. "ಈಗ ದಿನಾ ಕೇಳ್ತೇನೆ."

ನಾನು ಗುಣವಾಗಿ ನೆಟ್ಟಗೆ ನಡೆಯುವಂತಾದೆ. ಮಧ್ಯಾಹ್ನಗಳಲ್ಲಿ ಪ್ರಶ್ನೆಗಳು ಇಳಿದು ಬರುವುದು ನಿಲ್ಲಲಿಲ್ಲ. ಯಾರಿಗೆಂದು ಗೊತ್ತಾದ ಮೇಲೆ ಆ ಹೊತ್ತಿನಲ್ಲಿ ನಲ್ಲಿ ತಿರುಗಿಸಲೂ ನನಗೆ ಅಳುಕು. ನಡುವೆ ಸದ್ದಾದರೆ ಅವರು ಕಾಯುತ್ತಿರುವ ಉತ್ತರ ಅವರಿಗೆ ಕೇಳಿಸದೆ ಹೋದೀತು ಅನ್ನಿಸುತ್ತಿತ್ತು.

ಮರುವರ್ಷ ಅವರು ಕೆಲಸ ಬಿಟ್ಟು ಊರಿಗೆ ಹೋದರು. ಹೊರಡುವ ದಿನ ನನ್ನ ಮಕ್ಕಳ ತಲೆ ಸವರಿ, ನನ್ನ ಕಾಲನ್ನೊಮ್ಮೆ ನೋಡಿ, ಲಿಫ್ಟ್ ಹತ್ತಿದರು.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಅವರ ಅತ್ತಿಗೆ. ಎರಡು ದಿನದ ಹಿಂದೆ ಸಿಸ್ಟರ್ ಊಟ ಮಾಡಿ ಮಲಗಿದವರು ಮತ್ತೆ ಏಳಲಿಲ್ಲವಂತೆ.

"ಅವಳ ಡೈರಿಯಲ್ಲಿ ಕೆಲವು ಹೆಂಗಸರ ಹೆಸರುಂಟು," ಎಂದರು ಅತ್ತಿಗೆ. "ಇವರಿಗೆ ತಿಳಿಸಿ ಅಂತ ಬರ್ದಿದ್ದಾಳೆ. ನಿಮ್ದು ಕೊನೇದು. ಹೆಸರಿನ ಎದುರು 'ರಿಫಾ, ಎಡಗಾಲು, ಉತ್ತರ ಕೊಟ್ಟಳು' ಅಂತ ಉಂಟು. ಮನಾಮಾ, ಸಿತ್ರಾ, ಬೇರೆ ಊರುಗಳಲ್ಲೂ ಇದ್ದಾರೆ. ಎಲ್ಲರ ಎದುರೂ 'ಉತ್ತರ ಕೊಟ್ಟಳು' ಅಂತಲೇ ಬರ್ದದ್ದು. ಎಲ್ಲರೂ ಫೋನಲ್ಲಿ ಅತ್ತರು."

ಆ ಕಡೆ ಪುಟ ತಿರುಗಿಸಿದ ಸದ್ದಾಯಿತು. ಅತ್ತಿಗೆ, "ಮೊದಲ್ನೇದರ ಎದುರು ಮಾತ್ರ ನಂಬರಿಲ್ಲ," ಎಂದು ಒಂದು ಹೆಸರು ಓದಿದರು. ಆ ಹೆಸರಿನಿಂದ ಸಿಸ್ಟರ್ ನನ್ನನ್ನು ಒಮ್ಮೆ ಕರೆದಿದ್ದರು. "'ಉತ್ತರ ಬರಲಿಲ್ಲ' ಅಂತ ಉಂಟು. ಇದು ಯಾರು ಅಂತ ನಿಮ್ಗೆ ಗೊತ್ತುಂಟಾ? ಅವರಿಗೂ ತಿಳಿಸ್ಬೇಕಿತ್ತು."

"ಗೊತ್ತು," ಎಂದೆ. "ಅವರಿಗೆ ನಾವು ತಿಳಿಸಬೇಕಾಗಿಲ್ಲ."