ಬೆರಳಿಗೆ ಸಿಗದ ನಟಿಯರು

ನನ್ನ ಅಕ್ಷರ ಸೊಟ್ಟ, ಪದಗಳೂ ಕಡಿಮೆ. ಪಿಯುಸಿ ಮೊದಲ ವರ್ಷಕ್ಕೇ ಕಾಲೇಜು ಬಿಟ್ಟವಳು ನಾನು. ಓದುವವರು ಕ್ಷಮಿಸಬೇಕು. ಮೂಸಕುಂಞಿಯವರ ವಿಷಯ ತಪ್ಪಾಗಬಾರದೆಂದು ಈ ಹಾಳೆಯನ್ನು ಮೂರು ಸಲ ಹರಿದು ಬರೆದಿದ್ದೇನೆ.

ಕಡಬ ಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ನನಗೆ ಕೆಲಸ. ಎಲ್ಲರೂ ಮೂಸಾಕ ಎಂದು ಕರೆಯುವ ಮೂಸಕುಂಞಿಯವರ ಮನೆ ಅಂಗಡಿಯ ಹಿಂದೆಯೇ. ಅವರು ಮೂವತ್ತು ವರ್ಷ ಮುಂಬೈಯ ಹೋಟೆಲಿನಲ್ಲಿ ಚಹಾ ಮಾಡಿದವರು. ರಜೆಯ ದಿನ ಹಳೆ ಸಾಮಾನಿನ ಸಂತೆಗೆ ಹೋಗಿ, ಸಿನಿಮಾಕ್ಕೆ ಮಾತು ಬರುವ ಮೊದಲಿನ ನಟಿಯರ ಚಿತ್ರವಿರುವ ಪೋಸ್ಟ್ ಕಾರ್ಡುಗಳನ್ನು ಹುಡುಕಿ ತರುತ್ತಿದ್ದರು. ಒಟ್ಟು ಎಪ್ಪತ್ತೆರಡು. ಒಬ್ಬಳ ಸಿನಿಮಾವನ್ನೂ ಅವರು ನೋಡಿಲ್ಲ. ಕಾರ್ಡಿನಲ್ಲಿರುವ ಹೆಸರು ಓದಲು ಬಾರದೆ ತಾವೇ ಹೆಸರಿಟ್ಟಿದ್ದರು: ಟೊಪ್ಪಿಯವಳು, ಮುತ್ತಿನ ಸರದವಳು, ಸಿಟ್ಟಿನವಳು. ಅವರ ಹೆಂಡತಿ ಅಲೀಮಮ್ಮ ಮಾತ್ರ ಅಷ್ಟೂ ಜನರಿಗೆ ಒಂದೇ ಹೆಸರಿಟ್ಟಿದ್ದಾರೆ, ಸವತಿಯರು.

ಜುಲೈಯಲ್ಲಿ ಅವರ ಸೊಸೆ ರಮ್ಲತ್ ಆ ಕಾರ್ಡುಗಳ ಡಬ್ಬಿಯನ್ನು ಅಂಗಡಿಗೆ ತಂದರು. "ಬೂಷ್ಟು ಹಿಡಿತಾ ಉಂಟು. ಎಲ್ಲಾ ಲ್ಯಾಮಿನೇಷನ್ ಮಾಡು. ಮಾವನಿಗೆ ಹೇಳ್ಬೇಡ, ಖುಷಿ ಆಗ್ಲಿ."

ರೇಷನ್ ಕಾರ್ಡಿನಿಂದ ಮದುವೆ ಫೋಟೊದವರೆಗೆ, ಮಳೆಗಾಲದಲ್ಲಿ ನಮ್ಮಲ್ಲಿ ಎಲ್ಲಕ್ಕೂ ಲ್ಯಾಮಿನೇಷನ್ನೇ ಮದ್ದು. ನಾನು ಎರಡು ದಿನ ಕೂತು, ಒಂದೂ ಗುಳ್ಳೆ ಬರದಂತೆ ಮಾಡಿದೆ. ಸ್ಕೇಲ್ ಇಟ್ಟು ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿದೆ.

ಮರುದಿನ ಮೂಸಾಕ ಡಬ್ಬಿಯೊಂದಿಗೆ, ಅಲೀಮಮ್ಮನ ಹೆಗಲು ಹಿಡಿದು ಬಂದರು. ಅವರ ಕಣ್ಣು ಪೂರ್ತಿ ಹೋಗಿ ಎರಡು ವರ್ಷವಾಯಿತೆಂದು ನನಗೆ ಗೊತ್ತಿತ್ತು. ಆಮೇಲೆ ಕಾರ್ಡುಗಳನ್ನು ಹೇಗೆ ನೋಡುತ್ತಿದ್ದರೆಂದು ಯೋಚಿಸಿಯೇ ಇರಲಿಲ್ಲ.

"ಎಲ್ಲರೂ ಒಂದೇ ಆಗಿದ್ದಾರಲ್ಲ ಮಗಳೇ," ಎಂದರು. ನಾನು ಹೊಗಳಿಕೆ ಎಂದುಕೊಂಡೆ.

ಅವರು ಬೆರಳಿನಿಂದ ನೋಡುತ್ತಿದ್ದರು. ಟೊಪ್ಪಿಯವಳ ಮೂಲೆ ಮುರಿದಿತ್ತು. ಮುತ್ತಿನ ಸರಕ್ಕೆ ಮಿನುಗುವ ಪುಡಿ ಅಂಟಿಸಿದ್ದರು, ಮುಟ್ಟಿದರೆ ತರಿತರಿ. ಸಿಟ್ಟಿನವಳಿಗೆ ಮೊಳೆಯ ತೂತು. ಈಗ ಎಲ್ಲವೂ ನುಣ್ಣಗೆ.

ಒಂದನ್ನು ಬಿಡಿಸಲು ನೋಡಿದೆ. ಮುಖ ಪ್ಲಾಸ್ಟಿಕ್ಕಿನೊಂದಿಗೇ ಹರಿದು ಬಂತು.

"ಯಾರದು?" ಎಂದು ಕೇಳಿದರು.

"ಹೂವಿನ ಬುಟ್ಟಿ ಉಂಟು..." ಎಂದೆ.

"ಒಬ್ಬಳು ಸವತಿ ಕಮ್ಮಿಯಾಯ್ತು," ಎಂದು ಅಲೀಮಮ್ಮ ನಕ್ಕರು. ಗಂಡನ ಮುಖ ನೋಡಿ ಡಬ್ಬಿಯ ಮುಚ್ಚಳ ಹಾಕಿದರು.

ಕಾರ್ಡಿನ ಸುತ್ತ ಪ್ಲಾಸ್ಟಿಕ್ಕಿನ ಸಣ್ಣ ಅಂಚು ಉಳಿದಿತ್ತು. ಅಲ್ಲಿ ಕತ್ತರಿಯಿಂದ ಸಣ್ಣ ಸಣ್ಣ ಕಚ್ಚು ಹಾಕಿದರೆ ಬೆರಳಿಗೆ ಗುರುತು ಸಿಗಬಹುದು ಅನಿಸಿತು. ಈ ಸಲ ಕಾರ್ಡು ಮುಟ್ಟಲಿಲ್ಲ. ಖಾಲಿ ಪ್ಲಾಸ್ಟಿಕ್ ತುಂಡುಗಳಿಗೆ ಒಂದರಿಂದ ಒಂಬತ್ತು ಕಚ್ಚು ಹಾಕಿ ಅವರ ಮನೆಗೆ ಒಯ್ದೆ. ಐದರವರೆಗೆ ಸರಿಯಾಗಿ ಹೇಳಿದರು. ಆರು, ಏಳು ಎಲ್ಲ ಗೊಂದಲ.

"ಐದು ಜನ ಸಾಕು," ಎಂದರು.

"ಯಾವ ಐದು, ಮೂಸಾಕ?"

"ಅದೇ ಕಷ್ಟ ಇರುದು."

ಕಳೆದ ಭಾನುವಾರ ಅವರ ಪಕ್ಕ ಕೂತು, ಒಂದೊಂದೇ ಕಾರ್ಡಿನಲ್ಲಿ ಏನು ಕಾಣುತ್ತದೆಂದು ಹೇಳತೊಡಗಿದೆ. ನನಗೆ ಮಾತು ಬರುವುದೇ ಕಡಿಮೆ.

"ಜೋರಾಗಿ ಹೇಳು ಮಾರಾಯ್ತಿ. ಕಣ್ಣಿನ ಒಟ್ಟಿಗೆ ಕಿವಿಯೂ ಹೋಯ್ತಾ ಅಂತ ಹೆದರಿಕೆ ಆಗ್ತದೆ."

ಇಪ್ಪತ್ತೊಂದು ಕಾರ್ಡು ಮುಗಿಯಿತು. ಇಪ್ಪತ್ತೊಂದಕ್ಕೂ "ಇವಳು ಇರ್ಲಿ" ಎಂದರು. ಆಮೇಲೆ ಗೋಡೆಗೆ ಒರಗಿದರು.

"ನಾನು ಒಳ್ಳೇದಕ್ಕೇ ಮಾಡಿದ್ದು," ಎಂದರು ಬಾಗಿಲಲ್ಲಿ ನಿಂತಿದ್ದ ರಮ್ಲತ್.

"ಗೊತ್ತುಂಟು. ಇವತ್ತಿಗೆ ಸಾಕು," ಎಂದರು ಮೂಸಾಕ.

ನಾಳೆ ಭಾನುವಾರ. ಬೆಳಿಗ್ಗೆ ಹತ್ತಕ್ಕೆ ಹೋಗಿ ಉಳಿದ ಐವತ್ತು ಕಾರ್ಡುಗಳನ್ನು ನೋಡಿ ಹೇಳುತ್ತೇನೆ. ಅವರು ಯಾವ ಐದು ಎನ್ನುತ್ತಾರೋ, ಅವಕ್ಕೆ ಮಾತ್ರ ಕಚ್ಚು ಹಾಕುತ್ತೇನೆ.